ತೂಕ ಇಳಿಸುವ ಸರ್ಜರಿಯ ನಂತರ ತೂಕ ಮತ್ತೆ ಏರುತ್ತಿದ್ದರೆ: ಕಾರವಾರ, ಶಿರಸಿ ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರ ತೂಕ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ತಳ ಮುಟ್ಟುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನವರಿಗೆ ಒಂದಿಷ್ಟು ಏರುತ್ತದೆ. ಮೂರನೇ ವರ್ಷಕ್ಕೆ ರವಿಕೆ, ಪ್ಯಾಂಟು ಬಿಗಿಯಾಗತೊಡಗಿದಾಗ ಬಹಳ ಮಂದಿ ಮೊದಲು ಬಿಡುವುದು ಡಾಕ್ಟರ ಹತ್ತಿರ ಹೋಗುವುದನ್ನು. "ಅಷ್ಟು ಲಕ್ಷ ಖರ್ಚು ಮಾಡಿ ಮತ್ತೆ ದಪ್ಪ ಆದ್ಯಲ್ಲ" ಎಂಬ ಮಾತಿಗೆ ಹೆದರಿ ತಕ್ಕಡಿ ಹತ್ತುವುದೂ ನಿಲ್ಲುತ್ತದೆ. ಉತ್ತರ ಕನ್ನಡದಲ್ಲಿ ಇದಕ್ಕೆ ದೂರವೂ ಸೇರಿಕೊಳ್ಳುತ್ತದೆ. ಸರ್ಜರಿ ಆದದ್ದು ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಗೋವಾ ಅಥವಾ ಬೆಂಗಳೂರಿನಲ್ಲಿ. ಹದಿನೈದು ನಿಮಿಷದ ಚೆಕಪ್ಪಿಗೆ ಇಡೀ ದಿನ ಹೋಗುತ್ತದೆ, ಜೊತೆಗೊಬ್ಬರು ಬೇಕು. ಹೀಗೆ ಒಂದು ಚೆಕಪ್ ತಪ್ಪುತ್ತದೆ, ಆಮೇಲೆ ಎರಡು, ಆಮೇಲೆ ಆ ಆಸ್ಪತ್ರೆಯ ಫೋನ್ ನಂಬರೇ ಸಿಗದಂತಾಗುತ್ತದೆ.

ಮರಳಿ ಬಂದ ತೂಕವನ್ನು ನಿಮ್ಮ ಸ್ವಭಾವದ ದೋಷ ಎಂದು ಕಾಣಬೇಡಿ. ಅದಕ್ಕೊಂದು ಕಾರಣ ಇರುತ್ತದೆ, ಹೆಚ್ಚಿನ ಸಲ ಒಂದಕ್ಕಿಂತ ಹೆಚ್ಚು. ಕಾರಣವನ್ನು ಕ್ರಮವಾಗಿ ಹುಡುಕದೆ ಉಪವಾಸಕ್ಕೆ ಇಳಿದರೆ ಸ್ನಾಯು ಕರಗುತ್ತದೆ, ಕೂದಲು ಉದುರುತ್ತದೆ, ತೂಕ ಎರಡೇ ತಿಂಗಳಲ್ಲಿ ವಾಪಸ್ ಬರುತ್ತದೆ. ಆ ಹುಡುಕಾಟ ಎಲ್ಲಿಂದ ಶುರುವಾಗಬೇಕು, ಊರಲ್ಲೇ ಏನು ಮಾಡಿಕೊಳ್ಳಬಹುದು, ಯಾವುದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂಬುದು ಈ ಲೇಖನದ ವಿಷಯ.

ಮೊದಲು ಲೆಕ್ಕ ಹಾಕಿ

ವಾರಕ್ಕೆ ಒಂದು ದಿನ ಸಾಕು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು, ತೆಳು ಬಟ್ಟೆಯಲ್ಲಿ, ಪ್ರತಿ ಸಲ ಅದೇ ಮಶಿನ್ ಮೇಲೆ ನಿಲ್ಲಿ. ಮಶಿನ್ ಗಟ್ಟಿ ನೆಲದ ಮೇಲಿರಲಿ. ಚಾಪೆ, ಮಣ್ಣಿನ ನೆಲದ ಮೇಲೆ ಇಟ್ಟರೆ ತೂಕ ತಪ್ಪು ತೋರಿಸುತ್ತದೆ. ಹೊಕ್ಕಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಬರೆದಿಡಿ.

ಈಗ ಮೂರು ಅಂಕೆ ಬೇಕು: ಸರ್ಜರಿಗೆ ಮೊದಲಿನ ತೂಕ, ಆಮೇಲೆ ಮುಟ್ಟಿದ ಅತಿ ಕಡಿಮೆ ತೂಕ, ಇವತ್ತಿನ ತೂಕ. ಒಬ್ಬರು 118 ಕೆ.ಜಿ. ಇದ್ದವರು 78ಕ್ಕೆ ಇಳಿದು ಈಗ 86 ಆಗಿದ್ದಾರೆ ಅಂದುಕೊಳ್ಳಿ. ಇಳಿದದ್ದು 40, ವಾಪಸ್ ಬಂದದ್ದು 8. ಎಂಟನ್ನು ನಲವತ್ತರಿಂದ ಭಾಗಿಸಿದರೆ ಶೇ. 20. ಅಂದರೆ ಇಳಿದ ತೂಕದ ಐದನೇ ಒಂದು ಪಾಲು ಮರಳಿದೆ, ನಾಲ್ಕು ಪಾಲು ಇನ್ನೂ ಹೊರಗೇ ಇದೆ. ಮೊದಲಿನ ತೂಕಕ್ಕೆ ಹೋಲಿಸಿದರೆ ಅವರು ಈಗಲೂ ಶೇ. 27ರಷ್ಟು ಕಡಿಮೆ ಇದ್ದಾರೆ. "ಎಲ್ಲ ಹೋಯ್ತು" ಎಂದು ಕೈಚೆಲ್ಲುವವರು ಒಮ್ಮೆ ಈ ಲೆಕ್ಕ ಹಾಕಿ ನೋಡಬೇಕು.

ಎಷ್ಟು ಏರಿದರೆ ಚಿಂತೆ ಮಾಡಬೇಕು ಎಂಬುದಕ್ಕೆ ವೈದ್ಯರಲ್ಲೇ ಒಂದೇ ಗೆರೆ ಇಲ್ಲ. ಅತಿ ಕಡಿಮೆ ತೂಕದಿಂದ 2-3 ಕೆ.ಜಿ. ಆಚೀಚೆ ಆಗುವುದು ಸಹಜ. 5 ಕೆ.ಜಿ. ದಾಟಿದರೆ, ಅಥವಾ ಸತತ ಮೂರು ತಿಂಗಳು ಏರುಮುಖವೇ ಇದ್ದರೆ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಇಪ್ಪತ್ತು ಕೆ.ಜಿ. ಆಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ, ಐದು ಕೆ.ಜಿ. ಹಿಡಿದು ನಿಲ್ಲಿಸುವುದು ಇಪ್ಪತ್ತು ಕೆ.ಜಿ. ಇಳಿಸುವುದಕ್ಕಿಂತ ಎಷ್ಟೋ ಸಲೀಸು.

ಎರಡು ಮೂರು ದಿನದಲ್ಲಿ 2-3 ಕೆ.ಜಿ. ಏರಿ ಕಾಲು ಊದಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಅದು ಕೊಬ್ಬಲ್ಲ, ನೀರು. ಹೃದಯ, ಕಿಡ್ನಿ, ಲಿವರ್ ನೋಡಿಸಬೇಕು, ಅದೂ ಅದೇ ದಿನ. ಮುಟ್ಟು ನಿಂತಿದ್ದರೆ ಮೊದಲು ಗರ್ಭದ ಪರೀಕ್ಷೆ ಮಾಡಿಕೊಳ್ಳಿ. ಸರ್ಜರಿಯ ನಂತರ ಮುಟ್ಟಿನ ಏರುಪೇರು ಸರಿಹೋಗಿ ಅನಿರೀಕ್ಷಿತವಾಗಿ ಗರ್ಭ ನಿಲ್ಲುವುದುಂಟು.

ದೇಹದ ಒಳಗೆ ಏನಾಗುತ್ತದೆ

ಸ್ಲೀವ್ ಸರ್ಜರಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಕೊಳವೆಯಂತೆ ಮಾಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಇನ್ನೊಂದು ಬಗೆಯಾದ ಜಠರದ ಬೈಪಾಸ್‌ನಲ್ಲಿ (ಹೃದಯದ ಬೈಪಾಸ್ ಬೇರೆ) ಸುಮಾರು 30 ಮಿ.ಲೀ. ಹಿಡಿಯುವ ಸಣ್ಣ ಚೀಲ ಉಳಿಸಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಮೊದಲ ವರ್ಷ ಹಸಿವೇ ಇರುವುದಿಲ್ಲ, ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ವರ್ಷ ಕಳೆದಂತೆ ಹಸಿವು ಒಂದಷ್ಟು ಮರಳುತ್ತದೆ, ಚೀಲವೂ ಸ್ವಲ್ಪ ಹಿಗ್ಗುತ್ತದೆ. ಜೊತೆಗೆ 118 ಕೆ.ಜಿ.ಯ ದೇಹಕ್ಕೆ ದಿನಕ್ಕೆ ಬೇಕಿದ್ದಷ್ಟು ಶಕ್ತಿ 78 ಕೆ.ಜಿ.ಯ ದೇಹಕ್ಕೆ ಬೇಡ. ಮೊದಲ ವರ್ಷ ಯಾವ ಊಟದಲ್ಲಿ ತೂಕ ಇಳಿಯುತ್ತಿತ್ತೋ ಅದೇ ಊಟದಲ್ಲಿ ಮೂರನೇ ವರ್ಷ ತೂಕ ನಿಲ್ಲುತ್ತದೆ. ಅದರ ಮೇಲೆ ಎರಡು ಬಿಸ್ಕಿಟು ಸೇರಿದರೂ ಏರುತ್ತದೆ.

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ, ವೈದ್ಯರು ಎಸ್‌ಒಎಸ್ ಎಂದು ಕರೆಯುವ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. 10 ವರ್ಷದ ಹೊತ್ತಿಗೆ ಅದು ಶೇ. 25ಕ್ಕೆ ಬಂದು ನಿಂತಿತ್ತು. 120 ಕೆ.ಜಿ.ಯವರ ಲೆಕ್ಕದಲ್ಲಿ 38 ಕೆ.ಜಿ. ಇಳಿದು ಅದರಲ್ಲಿ 8 ಕೆ.ಜಿ. ಮರಳಿದ ಹಾಗೆ. ನಿಮ್ಮ ಏರಿಕೆ ಇಷ್ಟರೊಳಗಿದ್ದರೆ ಸರ್ಜರಿ ಕೆಟ್ಟಿಲ್ಲ.

ಒಂದು ವಾರ ಎಲ್ಲವನ್ನೂ ಬರೆಯಿರಿ

ಡಯಟ್ ಬದಲಿಸುವ ಮೊದಲು ಏಳು ದಿನ, ಒಂದು ಭಾನುವಾರ ಸೇರುವಂತೆ, ಬಾಯಿಗೆ ಹಾಕಿದ್ದನ್ನೆಲ್ಲ ಬರೆಯಿರಿ. ಹೊತ್ತು, ಏನು, ಎಷ್ಟು, ಆಗ ನಿಜಕ್ಕೂ ಹಸಿವಿತ್ತೇ ಇಲ್ಲವೇ. ಒಲೆಯ ಮುಂದೆ ನಿಂತು ರುಚಿ ನೋಡಿದ್ದು, ಮಕ್ಕಳು ಬಿಟ್ಟ ದೋಸೆಯ ತುಂಡು, ಕವಳದ ಜೊತೆಯ ಕಲ್ಲುಸಕ್ಕರೆ ಎಲ್ಲವೂ ಬರಲಿ. ಯಾರಿಗೂ ತೋರಿಸಬೇಕೆಂದಿಲ್ಲ, ಆದರೆ ಡಾಕ್ಟರಿಗೋ ಡಯಟಿಶಿಯನ್‌ಗೋ ತೋರಿಸಿದರೆ ಅವರ ಅರ್ಧ ಕೆಲಸ ಮುಗಿದಂತೆ.

ನಮ್ಮ ಕಡೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಸಿಗುವ ಮೊದಲನೆಯದು ಚಾ. ಎರಡು ಚಮಚ ಸಕ್ಕರೆ, 50 ಮಿ.ಲೀ. ಹಾಲು ಹಾಕಿದ ಒಂದು ಲೋಟ ಚಾದಲ್ಲಿ ಸುಮಾರು 70 ಕ್ಯಾಲರಿ. ಮನೆಯಲ್ಲಿ ಎರಡು, ಆಫೀಸಿನಲ್ಲಿ ಎರಡು, ಯಾರೋ ಬಂದರೆಂದು ಒಂದು: ದಿನಕ್ಕೆ 350. ಒಂದೂ ತುತ್ತು ಅಗಿಯದೆ ಒಂದು ಊಟದಷ್ಟು ಒಳಗೆ ಹೋಯಿತು. ಸಕ್ಕರೆ ಪೂರ್ತಿ ಬಿಡಲಾಗದಿದ್ದರೆ ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಬನ್ನಿ, ನಾಲಿಗೆ ಒಗ್ಗುತ್ತದೆ. ಜೋನಿಬೆಲ್ಲ ಹಾಕಿದರೆ ಪರವಾಗಿಲ್ಲ ಎನ್ನುವವರಿದ್ದಾರೆ. ಈ ಲೆಕ್ಕದಲ್ಲಿ ಅದೂ ಸಕ್ಕರೆಯೇ.

ಎರಡನೆಯದು ಗಂಜಿ. ಕುಚ್ಚಲಕ್ಕಿ ಗಂಜಿ ಹೊಟ್ಟೆಗೆ ಹಗುರ ಎಂದು ಸರ್ಜರಿ ಆದವರಿಗೆ ಮನೆಯವರು ಪ್ರೀತಿಯಿಂದ ಕೊಡುತ್ತಾರೆ. ಮೊದಲ ವಾರಗಳಲ್ಲಿ ಅದು ಸರಿಯೂ ಹೌದು. ವರ್ಷಗಳ ನಂತರ ಅದೇ ತೊಂದರೆ ಕೊಡುತ್ತದೆ: ತಿಳಿಯಾದ ಅನ್ನ ಕೊಳವೆಯಂಥ ಜಠರದಲ್ಲಿ ನಿಲ್ಲುವುದೇ ಇಲ್ಲ, ಸರ್ರನೆ ಇಳಿದು ಹೋಗುತ್ತದೆ, ಒಂದೂವರೆ ತಾಸಿಗೆ ಮತ್ತೆ ಹಸಿವು. ಶಿರಸಿ ಕಡೆ ತಂಬುಳಿ, ಅಪ್ಪೆಹುಳಿ ಕಲಸಿ ಅನ್ನ ಸುರಿದುಕೊಂಡು ಉಣ್ಣುವುದರಲ್ಲೂ ಇದೇ ಆಗುತ್ತದೆ. ತಂಬುಳಿಯಲ್ಲಿ ತಪ್ಪಿಲ್ಲ. ಊಟ ಮುಗಿದು ಅರ್ಧ ತಾಸಿನ ನಂತರ ಲೋಟಕ್ಕೆ ಹಾಕಿಕೊಂಡು ಕುಡಿಯಿರಿ. ಊಟಕ್ಕೆ ಮೊದಲು 30 ನಿಮಿಷ, ನಂತರ 30 ನಿಮಿಷ ನೀರು ಬೇಡ ಎಂದು ಡಿಸ್ಚಾರ್ಜ್ ದಿನ ಹೇಳಿದ್ದು ಇದಕ್ಕೇ, ಮೊದಲು ಮರೆತುಹೋಗುವ ನಿಯಮವೂ ಅದೇ.

ಮೂರನೆಯದು ಕುರುಕಲು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಜರಿ ಆದವರು ಒಂದು ಬಂಗಡೆಯನ್ನೋ ಒಂದು ಚಪಾತಿಯನ್ನೋ ಗಡಿಬಿಡಿಯಲ್ಲಿ ತಿಂದರೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ವಾಂತಿ ಬರುತ್ತದೆ. ಚಕ್ಕುಲಿ ಹಾಗಲ್ಲ. ಅಗಿದಾಗ ಪುಡಿಯಾಗಿ, ಜೊಲ್ಲಿನಲ್ಲಿ ಕರಗಿ, ಚೀಲವನ್ನು ತುಂಬದೆ ದಾಟುತ್ತದೆ. ಹೊಟ್ಟೆ 'ಸಾಕು' ಎನ್ನುವುದೇ ಇಲ್ಲ. ಚೌತಿಗೆ ಮೊದಲು ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಚಕ್ಕುಲಿ ಕಂಬಳ ನಡೆದು ಡಬ್ಬಿ ತುಂಬಿದರೆ ಹದಿನೈದು ದಿನ ಕೈ ಅಲ್ಲೇ. ಒಂದು ಸಾಧಾರಣ ಚಕ್ಕುಲಿಗೆ ನೂರು ಕ್ಯಾಲರಿಯ ಮೇಲೆಯೇ. ಬಾಳೆಕಾಯಿ ಚಿಪ್ಸು, ಹಲಸಿನ ಹಪ್ಪಳ, ಶೇವು, ಖಾರಿ, ಟೋಸ್ಟು, ತೊಡದೇವು ಎಲ್ಲವೂ ಇದೇ ಜಾತಿ. ಊಟ ಕಡಿಮೆಯೇ ಇದ್ದರೂ ತೂಕ ಏರುತ್ತಿದೆ ಎನ್ನುವವರ ಪಟ್ಟಿಯಲ್ಲಿ ಉತ್ತರ ಬಹಳ ಸಲ ಇಲ್ಲಿಯೇ ಇರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ತಟ್ಟೆಯ ಊಟ ನಿಜಕ್ಕೂ ಕಡಿಮೆ. ತಿನ್ನುವುದಾದರೆ ಒಂದು ಚಕ್ಕುಲಿ ತಟ್ಟೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿ, ಕೂತು ತಿನ್ನಿ.

ತಟ್ಟೆಯನ್ನು ಮತ್ತೆ ಕಟ್ಟುವುದು

ಗುರಿ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್. ಕಿಡ್ನಿ ತೊಂದರೆ ಇದ್ದವರು ತಮ್ಮ ಡಾಕ್ಟರನ್ನು ಕೇಳಿಯೇ ಈ ಗುರಿ ಇಟ್ಟುಕೊಳ್ಳಬೇಕು. ತಟ್ಟೆಯಲ್ಲಿ ಮೊದಲು ಪ್ರೊಟೀನ್, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಇಡೀ ಊಟ 20-30 ನಿಮಿಷ ನಡೆಯಲಿ. ದಿನಕ್ಕೆ ಮೂರು ಊಟ, ಒಂದು ಅಥವಾ ಎರಡು ಗೊತ್ತಾದ ತಿಂಡಿ. ಅದರಾಚೆ ಅಡುಗೆಮನೆ ಬಂದ್.

ಮೀನು ತಿನ್ನುವ ಮನೆಯಲ್ಲಿ ಈ ಗುರಿ ಸುಲಭ. ಬೆಳಿಗ್ಗೆ ಎರಡು ಮೊಟ್ಟೆ (12 ಗ್ರಾಂ). ಮಧ್ಯಾಹ್ನ ಕೆ.ಜಿ.ಗೆ ಆರು ತೂಗುವ ಗಾತ್ರದ ಒಂದು ಬಂಗಡೆ. ತಲೆ, ಮುಳ್ಳು ಕಳೆದು ಉಳಿಯುವ ಮಾಂಸದಲ್ಲಿ ಸುಮಾರು 17 ಗ್ರಾಂ. ಅದರ ಜೊತೆ ಅರ್ಧ ಬಟ್ಟಲು ಗಟ್ಟಿ ಮೊಸರು (3 ಗ್ರಾಂ). ಸಂಜೆ ಒಂದು ಮುಷ್ಟಿ ಹುರಿಗಡಲೆ, 30 ಗ್ರಾಂ (6 ಗ್ರಾಂ). ರಾತ್ರಿ 100 ಗ್ರಾಂ ಶೆಟ್ಲಿ (ಸಿಗಡಿ) ಅಥವಾ ಕೋಳಿ (20 ಗ್ರಾಂ), ಮಲಗುವ ಮೊದಲು ಸಕ್ಕರೆ ಇಲ್ಲದ 200 ಮಿ.ಲೀ. ಹಾಲು (6 ಗ್ರಾಂ). ಒಟ್ಟು 64. ತಾರ್ಲೆ (ಬೂತಾಯಿ), ಬಳಚು (ಚಿಪ್ಪುಮೀನು) ಕೂಡ ಒಳ್ಳೆಯವೇ ಮತ್ತು ಅಗ್ಗ. ಮೀನಿನಲ್ಲಿ ಕೆಡುವುದು ರವಾ ಫ್ರೈ ಮಾಡುವಾಗ. ರವೆಯ ಹೊದಿಕೆ ಎಣ್ಣೆ ಕುಡಿಯುತ್ತದೆ. ಕಾವಲಿಗೆ ಒಂದು ಚಮಚ ಎಣ್ಣೆ ಸವರಿ ಮಸಾಲೆ ಹಚ್ಚಿದ ಮೀನನ್ನು ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದರೆ ರುಚಿ ಕಡಿಮೆಯಾಗುವುದಿಲ್ಲ. ಸಾರಿನ ತೆಂಗಿನಕಾಯಿಯೂ ಲೆಕ್ಕಕ್ಕೆ ಬರುತ್ತದೆ: 100 ಗ್ರಾಂ ಹಸಿ ಕಾಯಿತುರಿಯಲ್ಲಿ 350 ಕ್ಯಾಲರಿ, ಪ್ರೊಟೀನ್ ಮೂರೇ ಗ್ರಾಂ. ಹೋಳು ತಿನ್ನಿ, ರಸವನ್ನು ಅನ್ನಕ್ಕೆ ಸುರಿಯಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಬಂದಾಗ ಈ ಲೆಕ್ಕ ತಪ್ಪುತ್ತದೆ. ತಾಜಾ ಮೀನು ಕಡಿಮೆ, ಇದ್ದರೂ ದುಬಾರಿ. ತಟ್ಟೆಗೆ ಒಣಮೀನಿನ ಚಟ್ನಿ ಬರುತ್ತದೆ, ಅದು ತಿನ್ನಿಸುವುದು ಗಂಜಿಯನ್ನು. ಒಣಮೀನಿನ ಉಪ್ಪು ಬಿಪಿ ಇದ್ದವರಿಗೆ ಬೇರೆ ತೊಂದರೆ. ಈ ಎರಡು ತಿಂಗಳಿಗೆ ಮೊಟ್ಟೆ, ಕೋಳಿ, ಮೊಳಕೆ ಹೆಸರುಕಾಳು, ಪನೀರು ಎಂದು ಮೇ ತಿಂಗಳಲ್ಲೇ ಗೊತ್ತುಮಾಡಿಟ್ಟುಕೊಳ್ಳಿ.

ಸಸ್ಯಾಹಾರಿ ಮನೆಯಲ್ಲಿ ಸ್ವಲ್ಪ ಯೋಚಿಸಿ ಕೂಡಿಸಬೇಕು. ಬೇಳೆ ಹಾಕಿದ್ದೇವಲ್ಲ ಎಂದರೆ ಸಾಲದು, ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ಬೆಳಿಗ್ಗೆ 40 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆ (ಹತ್ತಿರ ಹತ್ತಿರ 10 ಗ್ರಾಂ ಪ್ರೊಟೀನ್), ಹತ್ತೂವರೆಗೆ 200 ಗ್ರಾಂ ಗಟ್ಟಿ ಮೊಸರು (6), ಮಧ್ಯಾಹ್ನ 75 ಗ್ರಾಂ ಪನೀರು ಮತ್ತು 25 ಗ್ರಾಂ ತೊಗರಿಬೇಳೆಯ ಗಟ್ಟಿ ಹುಳಿ (ಎರಡೂ ಸೇರಿ 19), ಸಂಜೆ ಹುರಿಗಡಲೆ (6), ರಾತ್ರಿ ಒಣ ತೂಕದಲ್ಲಿ 25 ಗ್ರಾಂ ಸೋಯಾ ಚಂಕ್ಸ್ ಪಲ್ಯ (13), ಹಾಲು (6). ಇದು 60 ಆಯಿತು. ತೆಳ್ಳೇವು, ಅವಲಕ್ಕಿ, ಬನ್ಸ್ ಬೆಳಗಿನ ತಿಂಡಿಯಾದ ದಿನ ಈ ಲೆಕ್ಕ ಮುಟ್ಟುವುದು ಕಷ್ಟ. ಅವು ವಾರಕ್ಕೊಮ್ಮೆಗೆ ಇರಲಿ. ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಮೀರದಿರಲಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಖಾಲಿಯಾಗುತ್ತಿದ್ದರೆ ಬೇರೆ ಯಾವ ಪಥ್ಯವೂ ಕೆಲಸ ಮಾಡುವುದಿಲ್ಲ.

ಮದುವೆ, ಉಪನಯನ, ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಂದ ನೆಂಟರ ಮನೆ: ಬಡಿಸುವವರು "ಬೇಡ ಅನ್ನಡ, ಒಂದೇ ಸೌಟು" ಎನ್ನುತ್ತಾರೆ. ಎಲೆಯ ಮೇಲೆ ಮೊದಲೇ ಪಲ್ಯ, ಕೋಸಂಬರಿ ಹಾಕಿಸಿಕೊಂಡು ನಿಧಾನಕ್ಕೆ ತಿನ್ನುತ್ತಿದ್ದರೆ ಯಾರೂ ಗಮನಿಸುವುದಿಲ್ಲ. ಪಾನಕದ ಬದಲು ಸಕ್ಕರೆ ಇಲ್ಲದ, ಉಪ್ಪು ಹಾಕಿದ ಕೋಕಂ ಕೇಳಿ.

'ಪೌಚ್ ರೀಸೆಟ್' ಎಂದು ಐದು ದಿನ ಬರೀ ದ್ರವ ಕುಡಿಯುವ ಪದ್ಧತಿ ಇಂಟರ್ನೆಟ್ಟಿನಲ್ಲಿ ಹಬ್ಬಿದೆ. ಹಿಗ್ಗಿದ ಚೀಲ ಅದರಿಂದ ಕುಗ್ಗುವುದಿಲ್ಲ. ಇಳಿಯುವುದು ನೀರಿನ ತೂಕ, ಆರನೇ ದಿನ ಹಸಿವು ಇಮ್ಮಡಿ.

ಸಿಹಿ ತಿಂದ ಎರಡು ತಾಸಿಗೆ ನಡುಕ ಬರುತ್ತಿದ್ದರೆ

ವಿಶೇಷವಾಗಿ ಬೈಪಾಸ್ ಆದವರಲ್ಲಿ ಕಾಣುವ, ಬಹಳ ಮಂದಿಗೆ ಗೊತ್ತೇ ಇರದ ಕಾರಣವಿದು. ಅನ್ನ, ಸಿಹಿ, ಜ್ಯೂಸು ಬೇಗ ಕರುಳಿಗೆ ಇಳಿದು ರಕ್ತದ ಸಕ್ಕರೆ ಒಮ್ಮೆಲೇ ಏರುತ್ತದೆ, ಇನ್ಸುಲಿನ್ ಅಳತೆ ಮೀರಿ ಸುರಿಯುತ್ತದೆ, ಒಂದರಿಂದ ಮೂರು ತಾಸಿನೊಳಗೆ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು. ಆಗ ಮತ್ತೆ ಸಿಹಿ ತಿನ್ನುತ್ತಾರೆ, ಎರಡು ತಾಸಿಗೆ ಮತ್ತೆ ಅದೇ. ದಿನಕ್ಕೆ ಮೂರು ನಾಲ್ಕು ಸಲ ಹೀಗಾದರೆ ತೂಕ ಏರದೆ ಇನ್ನೇನು?

ಒಂದು ಗ್ಲುಕೋಮೀಟರ್ ಮನೆಯಲ್ಲಿರಲಿ. ಲಕ್ಷಣ ಬಂದಾಗ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ (15 ಗ್ರಾಂ) ನೀರಿನಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ಸರಿಹೋದ ಕೂಡಲೇ ಒಂದು ಮೊಟ್ಟೆ ಅಥವಾ ಹುರಿಗಡಲೆ ತಿನ್ನಿ, ಇಲ್ಲವಾದರೆ ಮತ್ತೆ ಕುಸಿಯಬಹುದು. 54ಕ್ಕಿಂತ ಕೆಳಗೆ ಬಂದರೆ, ಮಾತು ತೊದಲಿದರೆ, ನುಂಗುವಷ್ಟು ಎಚ್ಚರವಿದ್ದಾಗ ಸಕ್ಕರೆ ನೀರು ಕುಡಿಸಿಯೇ ಆಸ್ಪತ್ರೆಗೆ ಒಯ್ಯಬೇಕು; ಎಚ್ಚರ ತಪ್ಪಿದ್ದರೆ, ನುಂಗಲಾಗದಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ಒಯ್ಯಬೇಕು. ಬರದಂತೆ ತಡೆಯುವುದು ತಟ್ಟೆಯಿಂದಲೇ: ಬರೀ ಹಿಟ್ಟಿನ ಪದಾರ್ಥ ಒಂಟಿಯಾಗಿ ಬೇಡ, ಅದರ ಜೊತೆ ಪ್ರೊಟೀನ್ ಇರಲೇಬೇಕು. ಶುಗರ್ ಮಾತ್ರೆ, ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿದಿದ್ದರೆ ಅದರಿಂದಲೂ ಹೀಗಾಗುತ್ತದೆ, ಡಾಕ್ಟರಿಗೆ ಹೇಳಿ. ಬೈಪಾಸ್ ಆದ ಗರ್ಭಿಣಿಗೆ ಲ್ಯಾಬಿನಲ್ಲಿ ಗ್ಲುಕೋಸ್ ಕುಡಿಸುವ ಪರೀಕ್ಷೆ ಬರೆದರೆ, ಸರ್ಜರಿ ಆದ ವಿಷಯ ಮೊದಲೇ ತಿಳಿಸಿ; ಅವರಿಗೆ ಬೇರೆ ವಿಧಾನ ಬೇಕು.

ಊರಲ್ಲೇ ಆಗುವ ಪರೀಕ್ಷೆ, ತೋರಿಸಬೇಕಾದ ಮಾತ್ರೆಗಳು

ವರ್ಷಕ್ಕೊಮ್ಮೆ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದ ಸಂಗ್ರಹ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನು), ಆಲ್ಬುಮಿನ್ (ರಕ್ತದ ಪ್ರೊಟೀನ್), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ), ಕೊಲೆಸ್ಟರಾಲ್. ರಕ್ತ ಊರಲ್ಲೇ ಕೊಟ್ಟು, ರಿಪೋರ್ಟನ್ನು ಸರ್ಜರಿ ಮಾಡಿದ ಆಸ್ಪತ್ರೆಗೆ ಮೊಬೈಲಿನಲ್ಲಿ ಕಳಿಸಿ, ಫೋನಿನಲ್ಲಿ ಮಾತನಾಡಿದರೆ ಎಷ್ಟೋ ಪ್ರಯಾಣ ಉಳಿಯುತ್ತದೆ. ಅವರೇ ಸಿಗದಿದ್ದರೆ ಬೇರೆ ಬೇರಿಯಾಟ್ರಿಕ್ ವೈದ್ಯರಲ್ಲಿ ಹೊಸದಾಗಿ ಫೈಲ್ ಮಾಡಿಸಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಆಪರೇಶನ್ ನೋಟ್ಸ್ ಇದ್ದರೆ ಯಾರಾದರೂ ನೋಡುತ್ತಾರೆ.

ತೂಕ ಹೆಚ್ಚಿದೆ ಎಂದರೆ ಪೋಷಣೆ ಚೆನ್ನಾಗಿದೆ ಎಂದಲ್ಲ. ಏರಿದ ತೂಕದ ಜೊತೆಗೇ ರಕ್ತಹೀನತೆ, ಬಿ12 ಕೊರತೆ ಇರುತ್ತವೆ. ಸುಸ್ತಿಗೆ ನಡೆಯಲಾಗುವುದಿಲ್ಲ, ಸುಸ್ತು ಕಳೆಯಲು ಚಾ-ಬಿಸ್ಕಿಟು. ಆದ್ದರಿಂದ ಮಾತ್ರೆಗಳು ಜೀವನಪೂರ್ತಿ: ಕ್ಯಾಲ್ಸಿಯಂ ದಿನಕ್ಕೆ 1200-1500 ಮಿ.ಗ್ರಾಂ, ಒಂದು ಸಲಕ್ಕೆ 500-600 ಮೀರದಂತೆ ಹಂಚಿ. ಕಬ್ಬಿಣದ ಮಾತ್ರೆ ಅದರಿಂದ ಎರಡು ತಾಸು ದೂರ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಇವೆರಡರಿಂದಲೂ ನಾಲ್ಕು ತಾಸು ದೂರ. ಕಬ್ಬಿಣವನ್ನು ಚಾ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ.

ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಡಾಕ್ಟರ ಮುಂದಿಡಿ. ಇನ್ಸುಲಿನ್, ಗ್ಲಿಮೆಪಿರೈಡ್, ಸ್ಟಿರಾಯ್ಡ್, ಒಲಾಂಜಪಿನ್, ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್, ವಾಲ್ಪ್ರೊಯೇಟ್ ಇವೆಲ್ಲ ತೂಕ ಏರಿಸಬಲ್ಲವು. ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ. ಮಂಡಿನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೈಪಾಸ್ ಆದವರಿಗೆ ಬೇಡವೇ ಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ, ಸಿಗರೇಟು ಕೂಡ ಆ ಹುಣ್ಣಿಗೆ ದಾರಿ. ಹುಣ್ಣಾಗಲಿ ಸ್ಲೀವ್ ನಂತರದ ಹುಳಿತೇಗಾಗಲಿ, ಉರಿ ತಣಿಸಲು ಆಗಾಗ ಹಾಲು, ಬಿಸ್ಕಿಟು ತಿನ್ನಿಸುತ್ತವೆ. ಹಾಗಾಗಿ ಎದೆಯುರಿಗೆ ಚಿಕಿತ್ಸೆ ಮಾಡುವುದು ತೂಕದ ಚಿಕಿತ್ಸೆಯೂ ಹೌದು.

ನಡಿಗೆ, ಸ್ನಾಯು, ಮಳೆ

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಕನಿಷ್ಠ. ಏರಿದ್ದನ್ನು ಇಳಿಸಬೇಕಾದರೆ 250-300. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಅಲೆ ಬಡಿದು ಗಟ್ಟಿಯಾದ ಮರಳಿನ ಮೇಲೆ ನಡೆಯಿರಿ, ಸಡಿಲ ಮರಳು ಮಂಡಿಗೆ ಭಾರ. ಆದರೆ ನಡಿಗೆಯೊಂದರಿಂದ ಸ್ನಾಯು ಬೆಳೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಏಳುವುದು 10 ಸಲದಂತೆ ಮೂರು ಸುತ್ತು, ಗೋಡೆಗೆ ಕೈಕೊಟ್ಟು ದಂಡ 10 ಸಲದಂತೆ ಮೂರು ಸುತ್ತು, ಒಂದು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಎತ್ತುವುದು. ಮಳೆಗಾಲದ ನಾಲ್ಕು ತಿಂಗಳು ಹೊರಗಿನ ನಡಿಗೆ ನಿಂತೇ ನಿಲ್ಲುತ್ತದೆ, ಜೊತೆಗೆ ಬಿಸಿ ಬಜ್ಜಿ, ಹಪ್ಪಳ ಶುರುವಾಗುತ್ತದೆ. ಜೂನ್‌ಗೆ ಮೊದಲೇ ಜಗಲಿಯಲ್ಲೋ ಹಾಲ್‌ನಲ್ಲೋ ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯುವ ರೂಢಿ ಮಾಡಿಕೊಳ್ಳಿ.

ಮದ್ಯದ ಬಗ್ಗೆ ನೇರವಾಗಿ ಹೇಳಬೇಕು. ಸರ್ಜರಿಯ ನಂತರ ಅದು ಬೇಗ ರಕ್ತಕ್ಕೆ ಸೇರುತ್ತದೆ, ಕಡಿಮೆ ಕುಡಿದರೂ ಹೆಚ್ಚು ಏರುತ್ತದೆ, ಚಟವಾಗುವ ಸಂಭವ ಮೊದಲಿಗಿಂತ ಜಾಸ್ತಿ. ಗಡಿ ದಾಟಿದರೆ ಗೋವಾ, ಅಗ್ಗದ ಬಾಟಲಿ. ಮೊದಲು ಊಟ ಮನಸ್ಸಿಗೆ ಕೊಡುತ್ತಿದ್ದ ಸಮಾಧಾನವನ್ನು ಈಗ ಗ್ಲಾಸು ಕೊಡತೊಡಗಿದ್ದರೆ ಸಹಾಯ ಪಡೆಯಿರಿ. ರಾತ್ರಿ ಎದ್ದು ತಿನ್ನುವುದು, ತಿಂದು ಅಳುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದ್ದರೂ ಅಷ್ಟೇ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ತಡ ಮಾಡಬಾರದ ಲಕ್ಷಣಗಳು

ಎರಡು ಮೂರು ದಿನ ನಿಲ್ಲದ ವಾಂತಿ, ಅದರ ಜೊತೆ ಕಣ್ಣು ಎರಡೆರಡಾಗಿ ಕಾಣುವುದು ಅಥವಾ ನಡೆಯುವಾಗ ತೂರಾಡುವುದು: ಇದು ಥಯಾಮಿನ್ (ವಿಟಮಿನ್ ಬಿ1) ಕೊರತೆ ಇರಬಹುದು, ಗ್ಲುಕೋಸ್ ಡ್ರಿಪ್ ಏರಿಸುವ ಮೊದಲೇ ಥಯಾಮಿನ್ ಕೊಡಬೇಕೆಂದು ನೆನಪಿಸಿ. ಕಪ್ಪು ಮಲ, ರಕ್ತವಾಂತಿ. ಬೈಪಾಸ್ ಆದವರಿಗೆ ಒಮ್ಮೆಲೇ ಬಂದ ಜೋರು ಹೊಟ್ಟೆನೋವು, ಕರುಳು ಸಿಕ್ಕಿಕೊಂಡಿರಬಹುದು. ಇಂಥ ಹೊತ್ತಿನಲ್ಲಿ ಸರ್ಜರಿ ಆದ ಊರಿಗೇ ಹೋಗಬೇಕೆಂದು ಕಾಯಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. 'ಯಾವ ಸರ್ಜರಿ, ಯಾವ ವರ್ಷ' ಎಂದು ಬರೆದ ಚೀಟಿ ಪರ್ಸಿನಲ್ಲಿ ಸದಾ ಇರಲಿ.

ಇಷ್ಟಾದರೂ ಇಳಿಯದಿದ್ದರೆ

ಮೂರು ತಿಂಗಳು ಮೇಲಿನದನ್ನು ಪಾಲಿಸಿಯೂ ತೂಕ ಕದಲದಿದ್ದರೆ, ಅಥವಾ ಮೊದಲಿನಂತೆ ಬೇಗ ಹೊಟ್ಟೆ ತುಂಬುವುದೇ ನಿಂತಿದ್ದರೆ, ಒಳಗಿನ ರಚನೆ ನೋಡಿಸಬೇಕು. ಎಂಡೋಸ್ಕೋಪಿಯಲ್ಲಿ ಚೀಲ, ಜೋಡಣೆಯ ಬಾಯಿ, ಹುಣ್ಣು ಕಾಣುತ್ತವೆ. ಔಷಧ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಸ್ಲೀವ್ ಹಿಗ್ಗಿದೆಯೇ, ಬೈಪಾಸ್ ಚೀಲಕ್ಕೂ ಹಳೆಯ ಜಠರಕ್ಕೂ ನಡುವೆ ದಾರಿ ಬಿದ್ದಿದೆಯೇ ಎಂದು ಗೊತ್ತಾಗುತ್ತದೆ.

ರಚನೆ ಸರಿಯಿದ್ದು ಹಸಿವೇ ತೊಂದರೆಯಾದರೆ ಈಗ ಇಂಜೆಕ್ಷನ್‌ಗಳಿವೆ. ವಾರಕ್ಕೊಮ್ಮೆಯ ಟಿರ್ಜೆಪಟೈಡ್ ಭಾರತದಲ್ಲಿ ಮಾರ್ಚ್ 2025ರಲ್ಲಿ, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಜೂನ್ 2025ರಲ್ಲಿ ಮಾರುಕಟ್ಟೆಗೆ ಬಂದವು. ಸರ್ಜರಿ ಆದವರಲ್ಲೂ ಇವು ಕೆಲಸ ಮಾಡುತ್ತವೆ. ವೈದ್ಯರ ಚೀಟಿ ಇಲ್ಲದೆ, ಪರಿಚಯದವರ ಪೆನ್ ಹಂಚಿಕೊಂಡು ಚುಚ್ಚಿಕೊಳ್ಳುವುದು ಅಪಾಯ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆ ಇರುವವರು, ಮನೆತನದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರು ತೆಗೆದುಕೊಳ್ಳುವಂತಿಲ್ಲ. ಪ್ಯಾಂಕ್ರಿಯಾಸ್ ಊತ ಬಂದವರು ಮೊದಲೇ ತಿಳಿಸಬೇಕು. ಮೊದಲೇ ಸಣ್ಣ ಜಠರ, ಅದರ ಮೇಲೆ ಹಸಿವು ಸತ್ತರೆ ಪ್ರೊಟೀನ್ 30 ಗ್ರಾಂಗೆ ಇಳಿಯುತ್ತದೆ, ಆದ್ದರಿಂದ ಊಟದ ಲೆಕ್ಕ ಆಗ ಇನ್ನೂ ಮುಖ್ಯ. ನಿಲ್ಲಿಸಿದರೆ ತೂಕ ಮರಳುವ ಸಂಭವ ಹೆಚ್ಚು, ಹಾಗಾಗಿ ಎರಡು ಮೂರು ವರ್ಷ ಖರ್ಚು ಭರಿಸಲಾದೀತೇ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿಯೇ ಶುರುಮಾಡಿ. ಪೆನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗುವ ಊರುಗಳಲ್ಲಿ ಮಳೆಗಾಲಕ್ಕೆ ಒಟ್ಟಿಗೆ ನಾಲ್ಕು ತಿಂಗಳ ದಾಸ್ತಾನು ಬೇಡ.

ಜೋಡಣೆಯ ಬಾಯಿ ಅಗಲವಾಗಿದ್ದರೆ ಎಂಡೋಸ್ಕೋಪಿಯಲ್ಲೇ ಹೊಲಿಗೆ ಹಾಕಿ ಕಿರಿದು ಮಾಡುತ್ತಾರೆ. ಸ್ಲೀವ್ ಆದವರಿಗೆ ಬೈಪಾಸ್‌ಗೆ ಬದಲಿಸುವ ಮರುಸರ್ಜರಿ ಇದೆ, ಎದೆಯುರಿಯೂ ಜೋರಿದ್ದರೆ ಅದಕ್ಕೂ ಬೈಪಾಸ್ ಒಳ್ಳೆಯದು. ಮರುಸರ್ಜರಿಯಲ್ಲಿ ಸೋರಿಕೆ, ರಕ್ತಸ್ರಾವದ ಅಪಾಯ ಮೊದಲ ಸಲಕ್ಕಿಂತ ಹೆಚ್ಚು, ಇಳಿಯುವ ತೂಕ ಮೊದಲ ಸಲಕ್ಕಿಂತ ಕಡಿಮೆ. ಒಪ್ಪುವ ಮೊದಲು ಸರ್ಜನ್‌ರನ್ನು ಇಷ್ಟು ಕೇಳಿ: ನನ್ನಲ್ಲಿ ಕಂಡ ದೋಷ ಯಾವುದು, ಎಂಡೋಸ್ಕೋಪಿಯಲ್ಲಿ ಅದು ಕಾಣುತ್ತದೆಯೇ? ಇಂಥ ಮರುಸರ್ಜರಿ ನೀವು ಎಷ್ಟು ಮಾಡಿದ್ದೀರಿ? ಎಷ್ಟು ಕೆ.ಜಿ. ಇಳಿಯಬಹುದು? ಕರುಳಿನ ಎಷ್ಟು ಉದ್ದ ಬಿಟ್ಟು ಜೋಡಿಸುತ್ತೀರಿ, ಆಮೇಲೆ ಯಾವ ವಿಟಮಿನ್ ಎಷ್ಟು ಬೇಕು? ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲೆ ಜ್ವರ, ಹೊಟ್ಟೆನೋವು ಬಂದರೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು? ದಿನ ಗೊತ್ತುಮಾಡುವಾಗ ಘಟ್ಟದ ರಸ್ತೆ ಕುಸಿದು ಬಂದ್ ಆಗುವ ತಿಂಗಳುಗಳನ್ನು ಬಿಟ್ಟು ನೋಡಿ, ಮೊದಲ ಎರಡು ವಾರ ಆಸ್ಪತ್ರೆಯ ಹತ್ತಿರವೇ ಉಳಿಯಲು ಮನೆ ಹುಡುಕಿಟ್ಟುಕೊಳ್ಳಿ.